ಬರೋ ವಾರದ ಚಕ್ರ

ಮಹಾಂತಮ್ಮನಿಗೆ ಆ ಚಕ್ರವನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನ ಆ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಗಡಿನ ಶೆಡ್ಡು ಎದ್ದಾಗ, ಸದ್ಯ, ಸೌದೆ ಒಟ್ಟಲು ಜಾಗವಾಯಿತು ಎಂದು ಖುಷಿಪಟ್ಟವಳು ಅವಳೇ. ಸೌದೆ ಬರಲಿಲ್ಲ, ಚಕ್ರ ಬಂತು. ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಆಯುಷ್ಯ ಕಳೆದು ರಿಟೈರಾದ ಅವಳ ಗಂಡ ಶಿವಯೋಗಪ್ಪ, ಸೈಕಲ್ ಗಾಲಿಯೊಂದಕ್ಕೆ ಸುತ್ತಲೂ ಓರೆಯಾಗಿ ಕೊಳವೆ ಕೂರಿಸಿ, ಒಳಗೆ ಕಬ್ಬಿಣದ ಗುಂಡು ಬಿಟ್ಟಿದ್ದ. ಒಂದು ಸಲ ತಳ್ಳಿದರೆ ಸಾಕು, ಆಮೇಲೆ ಕರೆಂಟು ಬೇಡ, ಡೀಸೆಲ್ ಬೇಡ, ಗುಂಡುಗಳ ಭಾರಕ್ಕೇ ಅದು ತಿರುಗುತ್ತಲೇ ಇರಬೇಕು. ಲೋಕಕ್ಕೆಲ್ಲ ಪುಕ್ಕಟೆ ಕರೆಂಟು ಕೊಡಲು ಹೊರಟವನ ಮನೆಯಲ್ಲಿ ಬಚ್ಚಲಿನ ಬಲ್ಬು ಸುಟ್ಟು ತಿಂಗಳಾಗಿತ್ತು, ಆ ಮಾತು ಬೇರೆ.

ಇವನಿಗೆ ತಕ್ಕ ಜೋಡಿಯೂ ಸಿಕ್ಕಿತ್ತು. ಮಹಾಂತಮ್ಮನ ತಮ್ಮ ದೇವರಾಜ್. ಶಿವಮೊಗ್ಗದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತನಾದವನು, ಹೆಂಡತಿ ತೀರಿಹೋದ ಮೇಲೆ ಒಂಟಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅಕ್ಕನ ಮನೆಗೆ ಬರುತ್ತಿದ್ದ. ಅಕ್ಕನನ್ನು ನೋಡಲು ಎಂದು ಹೆಸರಿಗೆ. ಚಪ್ಪಲಿ ಬಿಡುವ ಮೊದಲೇ ಭಾವನನ್ನು ಕೇಳುವುದು ಒಂದೇ, “ಏನ್ ಭಾವ, ನಿಂತಿದೆಯೋ ತಿರುಗ್ತಿದೆಯೋ?”

ಮಂಡಕ್ಕಿಯ ತಟ್ಟೆ ಶೆಡ್ಡಿಗೇ ಹೋಗಬೇಕು. ಮಕ್ಕಳಿಲ್ಲದ ಆ ಮನೆಯಲ್ಲಿ ಗಲಾಟೆ ಅಂತ ಇದ್ದರೆ ಅವತ್ತೇ.

“ಇಳಿಯೋ ಕಡೆ ಗುಂಡು ದೂರ ಹೋಗುತ್ತೆ, ಏರೋ ಕಡೆ ಹತ್ರ ಬರುತ್ತೆ. ದೂರ ಇರೋ ಗುಂಡಿಗೆ ಜೋರು ಜಾಸ್ತಿ. ಏತದ ಕೋಲು ನೋಡಿಲ್ವೇನೋ ನೀನು?” ಎನ್ನುವನು ಶಿವಯೋಗಪ್ಪ.

“ಜೋರು ಜಾಸ್ತಿ, ಒಪ್ಪಿದೆ. ಆದ್ರೆ ಏರೋ ಕಡೆ ಗುಂಡು ಎಷ್ಟಿದಾವೆ ಎಣಿಸಿ. ಅಲ್ಲಿ ಹೆಚ್ಚು, ಇಲ್ಲಿ ಕಮ್ಮಿ. ಅಲ್ಲಿಗಲ್ಲಿಗೆ ಸರಿ ಹೋಯ್ತು.”

“ಹಂಗಾದ್ರೆ ಭೂಮಿ ತಿರುಗ್ತಾನೇ ಇಲ್ವಾ? ಅದಕ್ಕೆ ಯಾವ ಬಂಕಲ್ಲಿ ಡೀಸೆಲ್ ಹಾಕಿಸ್ತಾರೆ ಮಾರಾಯ?”

“ತಿರುಗ್ಲಿ ಭಾವ. ಅದರ ಕೈಲಿ ಕೆಲಸ ತೆಗೀರಿ, ಅದೂ ನಿಧಾನ ಆಗುತ್ತೆ. ತಿಂದಿದ್ದಕ್ಕಿಂತ ಜಾಸ್ತಿ ಯಾವ್ದೂ ಕೊಡಲ್ಲ. ಎಮ್ಮೆನೂ ಹಿಂಡಿ ಹಾಕಿದ್ರೇ ಹಾಲು ಕೊಡೋದು.”

ಆಗ ಶಿವಯೋಗಪ್ಪ ಫೋನು ತೆಗೆಯುವನು. ಯಾವನೋ ಒಬ್ಬ ನಾಲ್ಕು ಅಯಸ್ಕಾಂತ ಇಟ್ಟು ಫ್ಯಾನ್ ತಿರುಗಿಸುವ ವಿಡಿಯೋ. “ಇದಕ್ಕೇನಂತೀಯ?” ದೇವರಾಜ್ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿ, “ಆ ಟೇಬಲ್ ಬಟ್ಟೆ ಎತ್ತಿ ತೋರಿಸಕ್ಕೆ ಹೇಳಿ ಅವನಿಗೆ” ಎನ್ನುವನು. ಒಮ್ಮೆ ಈ ಜಗಳ ಎಲ್ಲಿಗೆ ಮುಟ್ಟಿತೆಂದರೆ ದೇವರಾಜ್ ಕೈ ತೊಳೆದವನು ಊಟ ಮಾಡದೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಒಂದು ಮಾತು ಹೇಳುವುದು ಮರೆತಿತ್ತೆಂದು ವಾಪಸು ಬಂದಿದ್ದ.

ಕೊನೆಗೆ ಚಕ್ರವನ್ನು ತಳ್ಳುವರು. ಗುಂಡುಗಳು ಟಕಟಕ ಎನ್ನುತ್ತಾ ಉರುಳುವವು. ಇಬ್ಬರೂ ಬಾಯಿ ಮುಚ್ಚಿ ಕೂರುವರು. ಅದು ತಿರುಗಿ ತಿರುಗಿ, ಸೋತು, ಒಂದು ಸಲ ಹಿಂದಕ್ಕೆ ತೂಗಿ ನಿಲ್ಲುವುದು. “ನಿಂತಿತು ಭಾವ,” ಎನ್ನುವನು ದೇವರಾಜ್. “ನಿಂತಿದ್ದು ಯಾಕೆ ಅಂತ ಗೊತ್ತಾಯ್ತು. ಬರೋ ವಾರ ನೋಡು,” ಎನ್ನುವನು ಶಿವಯೋಗಪ್ಪ. ಒಂದು ವಾರವೂ ಈ ಮಾತು ತಪ್ಪಿದ್ದಿಲ್ಲ. ಹುಚ್ಚಲ್ಲದೆ ಇನ್ನೇನು ಎಂದು ಮಹಾಂತಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಬೈದುಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಶಿವಯೋಗಪ್ಪನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ನಾಟಿ ಔಷಧಿ ಕುಡಿಸಿದರು. ಹಳದಿ ಇಳಿಯಲಿಲ್ಲ, ಹೊಟ್ಟೆನೋವು ಏರಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಅಕ್ಕ ತಮ್ಮ ಇಬ್ಬರನ್ನೇ ಒಳಗೆ ಕರೆದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ತುಂಬ ಮುಂದುವರಿದಿದೆ, ಮಳೆಗಾಲ ದಾಟುವುದು ಕಷ್ಟ. ಮಹಾಂತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಬಾಗಿಲಾಚೆ ಗಂಡನ ದನಿ ಕೇಳುತ್ತಿತ್ತು. ಮೇಲಿನ ಫ್ಯಾನು ಕಿರುಗುಟ್ಟುವುದನ್ನು ತೋರಿಸಿ, “ಬೇರಿಂಗ್ ಹೋಗಿದೆ ಕಣಮ್ಮ, ಗ್ರೀಸ್ ಮೆತ್ತಬೇಡಿ, ಬಿಗಿಯಾಗುತ್ತೆ, ತೆಳು ಎಣ್ಣೆ ಬಿಡಕ್ಕೆ ಹೇಳಿ” ಎಂದು ನರ್ಸಿಗೆ ಪಾಠ ಮಾಡುತ್ತಿದ್ದ.

ಅವರ ಮನೆತನದಲ್ಲಿ ರೋಗಿಗೆ ರೋಗದ ಹೆಸರು ಹೇಳಿದವರಿಲ್ಲ. ಮಾವನಿಗೆ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ಹೇಳಿದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ ಎಂದು ನಂಬಿದವರು. ಮಹಾಂತಮ್ಮ ಮುಖ ತೊಳೆದು ಹೊರಗೆ ಬಂದು, “ಅಲ್ಸರ್ ಅಂತೆ ರೀ. ಖಾರ ಬಿಡ್ಬೇಕಂತೆ,” ಎಂದಳು. ಶಿವಯೋಗಪ್ಪ ನಂಬಿದ. ಖಾರ ಬಿಟ್ಟ. ಮಾರನೇ ದಿನವೇ ಹೊಸ ಕೊಳವೆ ಕೊಯ್ಯಿಸಲು ವೆಲ್ಡಿಂಗ್ ಅಂಗಡಿಗೆ ಹೊರಟ.

ಅವನು ಹಾಗೆ ಹೋಗುವುದನ್ನು ಅವಳು ಬಾಗಿಲಲ್ಲೇ ನಿಂತು ನೋಡಿದಳು. ಬದುಕಿನಲ್ಲಿ ಅವನು ಬೇಕು ಎಂದು ಕೇಳಿದ್ದು ಯಾವುದಿತ್ತು? ಸೀರೆ ತಂದರೆ ಅವಳಿಗೆ, ಹಣ್ಣು ತಂದರೆ ಅವಳಿಗೆ. ತನಗೆಂದು ಇದ್ದದ್ದು ಆ ಚಕ್ರ ಒಂದೇ. ಔಷಧಿ ತರುವ ನೆಪದಲ್ಲಿ ಶಿವಮೊಗ್ಗಕ್ಕೆ ಹೋದವಳು ತಮ್ಮನ ಮನೆಯಲ್ಲಿ ಕೂತು ಹೇಳಿದಳು, “ಒಂದೇ ಒಂದು ಸಲ ಸೋಲೋ. ಭಾವ ಗೆದ್ರು ಅಂತ ಹೇಳು. ಆ ಸಂತೋಷ ಆದ್ರೂ ಆಗ್ಲಿ ಅವರಿಗೆ.”

ದೇವರಾಜ್ ಕಿಟಕಿಯ ಕಡೆ ತಿರುಗಿದ. “ಅಕ್ಕ, ಬೇರೆ ಏನಾದ್ರೂ ಕೇಳು. ಇದೊಂದು ನನ್ನ ಬಾಯಲ್ಲಿ ಬರಲ್ಲ. ಆಯುಷ್ಯ ಪೂರ್ತಿ ಇದು ಆಗಲ್ಲ ಅಂತಲೇ ಹುಡುಗರಿಗೆ ಹೇಳಿದೋನು ನಾನು.”

“ನಿನ್ನ ಪಾಠ ದೊಡ್ಡದಾ, ನಿಮ್ಮ ಭಾವ ದೊಡ್ಡೋರಾ?”

ದೇವರಾಜ್ ಎದ್ದು ಅಕ್ಕನ ಚೀಲ ಕೈಗೆತ್ತಿಕೊಂಡ. ಆಯ್ತು ಎಂದ.

ಭಾನುವಾರ ಬಂತು. ಹೊಸ ಕೊಳವೆಗಳು ಕೂತಿದ್ದವು. ಶಿವಯೋಗಪ್ಪ ಬಡಕಲಾಗಿದ್ದ, ಆದರೂ ಮುಖದಲ್ಲಿ ಮದುವಣಿಗನ ಕಳೆ. ಮಹಾಂತಮ್ಮ ಮೊದಲ ಸಲ ಒಲೆ ಬಿಟ್ಟು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಅವನು ಚಕ್ರವನ್ನು ತಳ್ಳಿದ. ಟಕಟಕ ಶುರುವಾಯಿತು. ಎಂದಿಗಿಂತ ಚೆನ್ನಾಗಿಯೇ ತಿರುಗಿತು. ಮಂಡಕ್ಕಿ ಮುಗಿದರೂ ತಿರುಗುತ್ತಿತ್ತು. ಆಮೇಲೆ ಸದ್ದು ಮೆಲ್ಲಗೆ ವಿರಳವಾಗತೊಡಗಿತು. ಮೂವರಿಗೂ ಅದು ಕೇಳಿಸಿತು. ಮಹಾಂತಮ್ಮ ತಮ್ಮನನ್ನು ದಿಟ್ಟಿಸಿದಳು.

ದೇವರಾಜ್ ಎದ್ದು ನಿಂತು ಭಾವನ ಕೈ ಹಿಡಿದುಕೊಂಡ. “ಗೆದ್ರಿ ಭಾವ. ಇದು ನಿಲ್ಲಲ್ಲ. ಇಷ್ಟು ವರ್ಷ ನಾನೇ ತಪ್ಪು ತಿಳ್ಕೊಂಡಿದ್ದೆ.”

ಶಿವಯೋಗಪ್ಪ ನಗಲಿಲ್ಲ. ಚಕ್ರವನ್ನು ನೋಡಿದ, ಅದು ಕಣ್ಣೆದುರೇ ಸೋಲುತ್ತಿತ್ತು. ದೇವರಾಜನ ಮುಖ ನೋಡಿದ. ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಕೈ ಬಿಡಿಸಿಕೊಂಡು, ಇನ್ನೂ ತಿರುಗುತ್ತಿದ್ದ ಚಕ್ರದ ಮೇಲಿಟ್ಟು ತಾನೇ ಅದನ್ನು ನಿಲ್ಲಿಸಿದ.

“ಎಷ್ಟು ದಿನ ಅಂದ್ರು ಡಾಕ್ಟ್ರು?” ಎಂದು ಕೇಳಿದ.

“ಏನ್ ಭಾವ ಹಿಂಗಂತೀರಿ, ಅಲ್ಸರ್‌ಗೆ…”

“ನಿನ್ನ ಹೆಂಡ್ತಿ ತಿಥಿ ಊಟ ಬಡಿಸ್ತಾ ಇದ್ದಾಗಲೂ ನನ್ನ ಕೊಳವೆ ಓರೆ ಸರಿ ಇಲ್ಲ ಅಂದೋನು ನೀನು. ನೀನು ಸೋಲ್ತೀಯ ಅಂದ್ರೆ ನನ್ನ ಕಥೆ ಮುಗೀತು ಅಂತ ತಾನೇ?” ದನಿ ಏರಲಿಲ್ಲ. “ನೀನು ಒಪ್ಪೋವರೆಗೂ ನಂಗೆ ಟೈಮ್ ಇದೆ ಅಂದ್ಕೊಂಡಿದ್ದೆ ಮಾರಾಯ.”

ಒಳಗೆ ಹೋಗಿ ಮಲಗಿದವನು ಮತ್ತೆ ಶೆಡ್ಡಿಗೆ ಬರಲಿಲ್ಲ. ನಿನ್ನೆಯವರೆಗೆ ವೆಲ್ಡಿಂಗ್ ಅಂಗಡಿಗೆ ನಡೆದು ಹೋಗುತ್ತಿದ್ದವನಿಗೆ ಬಚ್ಚಲಿಗೂ ಕೈ ಹಿಡಿಯಬೇಕಾಯಿತು. ಹೇಳಿದರೆ ಅರ್ಧ ಜೀವ ಹೋಗುತ್ತದೆ ಎಂದು ಮುಚ್ಚಿಟ್ಟವಳು ಅವಳು, ಹೇಳದೆಯೇ ಹೇಳಿದ ಹಾಗಾಯಿತು. ರೋಗ ಮಲಗಿಸಲಿಲ್ಲ, ನಾನು ಮಲಗಿಸಿದೆ ಎಂದು ಮಹಾಂತಮ್ಮ ಅತ್ತಳು. ಅವನೇ ಅವಳ ತಲೆ ಸವರಿ, “ಸುಮ್ನಿರೇ ಮಾರಾಯ್ತಿ” ಎಂದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ದೇವರಾಜ್ ಭಾನುವಾರಗಳನ್ನು ತಪ್ಪಿಸಲಿಲ್ಲ. ಬಂದು ಮಂಚದ ಬಳಿ ಕೂರುವನು, ಮಳೆಯ ವಿಷಯ ಮಾತಾಡಿ ಹೋಗುವನು. ಒಂದು ಭಾನುವಾರ ತಡೆಯಲಾರದೆ, ಅಕ್ಕನನ್ನು ಕರೆದುಕೊಂಡು ಚಕ್ರವನ್ನು ಸ್ಟ್ಯಾಂಡಿನ ಸಮೇತ ಎತ್ತಿ ತಂದು ನಡುಮನೆಯಲ್ಲಿ ಭಾವನ ಮಂಚದ ಮುಂದೆ ಇಟ್ಟ.

“ಭಾವ, ಅವತ್ತು ಸುಳ್ಳು ಹೇಳ್ದೆ. ಇದು ತಿರುಗಲ್ಲ. ಯಾವ ಜನ್ಮಕ್ಕೂ ತಿರುಗಲ್ಲ. ಏನ್ ಹೇಳ್ತೀರೋ ಹೇಳಿ ಈಗ,” ಎಂದ. ಅವನ ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು.

ಶಿವಯೋಗಪ್ಪ ಮಂಚದಿಂದಲೇ ನೋಡಿದ. “ತಳ್ಳು,” ಎಂದ.

ಗುಂಡುಗಳು ಉರುಳಿದವು. ಚಕ್ರ ತಿರುಗಿತು, ಸೋತಿತು, ಹಿಂದಕ್ಕೆ ಒಮ್ಮೆ ತೂಗಿ ನಿಂತಿತು. ದೇವರಾಜ್ ತಲೆ ತಗ್ಗಿಸಿದ. “ಹೇಳೋ,” ಎಂದು ಶಿವಯೋಗಪ್ಪನೇ ಕೇಳಿದ.

“ನಿಂತಿತು ಭಾವ.”

ಮಹಾಂತಮ್ಮ ಗಂಡನ ತುಟಿಯನ್ನೇ ನೋಡುತ್ತಾ ನಿಂತಳು. ಈಗ ಆ ಮಾತು ಬರಬೇಕು. ತುಟಿ ಅಲುಗಿತು, ಮಾತು ಬರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ. ಆಗ ಅವಳು, ಆ ಚಕ್ರಕ್ಕೆ ಇಷ್ಟು ವರ್ಷ ಶಾಪ ಹಾಕಿದವಳು, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಲಿಯ ಮೇಲೆ ಕೈಯಾಡಿಸಿ, “ನಿಂತಿದ್ದು ಯಾಕೆ ಅಂತ ಗೊತ್ತಾಯ್ತು ಕಣೋ. ಗ್ರೀಸ್ ಹಾಕಿ ಇಡ್ತೀನಿ. ಬರೋ ವಾರ ನೋಡು,” ಎಂದಳು.

ದೇವರಾಜ್ ಕನ್ನಡಕ ತೆಗೆದು ಒರೆಸಿಕೊಂಡ.

“ಗ್ರೀಸ್ ಬೇಡ ಕಣೆ,” ಎಂದ ಶಿವಯೋಗಪ್ಪ, ಕಣ್ಣು ತೆರೆಯದೆ. “ತೆಳು ಎಣ್ಣೆ ಬಿಡು.”

ಗುರುವಾರ ಬೆಳಿಗ್ಗೆ ಅವನು ಹೋದ. ಭಾನುವಾರ ದೇವರಾಜ್ ಬಂದಾಗ ಮಹಾಂತಮ್ಮ ಚಕ್ರಕ್ಕೆ ಎಣ್ಣೆ ಬಿಟ್ಟು ಇಟ್ಟಿದ್ದಳು.