ನ್ಯೂಜಿಲೆಂಡಿನ ಗಾಳಿ

ನಾನು ಉರುಳಿಸಿದ ಚೆಂಡು ಹುಲ್ಲಿನ ಮೇಲೆ ಹೊರಟಿತೆಂದರೆ ನ್ಯೂಜಿಲೆಂಡಿನ ಕುರಿಗಳೆಲ್ಲ ಮೇಯುವುದನ್ನು ಬಿಟ್ಟು ಸಾಲಾಗಿ ನಿಂತು ತಲೆಬಾಗುತ್ತಿದ್ದವು. ಸುಳ್ಳೆನಿಸಿದರೆ ಆ ಕುರಿಗಳನ್ನೇ ಕೇಳಿ. ೨೦೦೯ರಲ್ಲಿ ಭಾರತದ ಲಾನ್ ಬೌಲ್ಸ್ ತಂಡದೊಂದಿಗೆ ಅಲ್ಲಿಗೆ ಹೋದ ಮುಂಡಪ್ಪ ನಾನೇ. ಡೊಂಬಿವಲಿಯ ಕಾರ್ಖಾನೆಗಳ ಬಡಾವಣೆ ಎಂಐಡಿಸಿಯಲ್ಲಿ ಇಡ್ಲಿ ಹೋಟೆಲ್ ಇಟ್ಟಿರುವವನೂ ನಾನೇ.

ಆಟ ಸುಲಭ. ದೂರದಲ್ಲೊಂದು ಪುಟ್ಟ ಬಿಳಿ ಚೆಂಡು. ನಮ್ಮ ದೊಡ್ಡ ಚೆಂಡನ್ನು ಉರುಳಿಸಿ ಅದರ ಮಗ್ಗುಲಿಗೆ ತಲುಪಿಸಬೇಕು. ಆದರೆ ದೊಡ್ಡ ಚೆಂಡನ್ನು ಬೇಕೆಂದೇ ಸೊಟ್ಟ ಮಾಡಿರುತ್ತಾರೆ; ನೇರ ಬಿಟ್ಟರೂ ಒಂದು ಕಡೆಗೆ ಬಾಗುತ್ತದೆ. ಗುರುತಿಗೆ ಒಂದು ಬದಿಯಲ್ಲಿ ದೊಡ್ಡ ಉಂಗುರ, ಇನ್ನೊಂದು ಬದಿಯಲ್ಲಿ ಸಣ್ಣದು. ನನ್ನ ಚೆಂಡು ಬಿಳಿ ಚೆಂಡಿಗೆ ಇನ್ನೇನು ಮುತ್ತಿಡಬೇಕು, ಅಷ್ಟರಲ್ಲಿ ಸಮುದ್ರದಿಂದ ಎದ್ದ ಬಿರುಗಾಳಿ ಅದನ್ನು ಪಕ್ಕದವರ ಅಂಕಣಕ್ಕೆ ಎತ್ತಿ ಹಾಕಿತು. ಆ ಗಾಳಿ ಇಲ್ಲದಿದ್ದರೆ ಚಿನ್ನದ ಪದಕ ಈಗ ನಮ್ಮ ಗಲ್ಲಾದ ಮೇಲೆ ತೂಗುತ್ತಿತ್ತು.

ಈ ಕತೆಯನ್ನು ಎಂಟು ವರ್ಷ ಗಿರಾಕಿಗಳಿಗೆ ಚಟ್ನಿಯ ಜೊತೆ ಬಡಿಸಿದೆ. ಅವರು ಎರಡನೇ ಸಲ ಕೇಳಿದ್ದು ಚಟ್ನಿಯನ್ನು ಮಾತ್ರ. ಕತೆಯನ್ನು ನಂಬಿದವಳು ಒಬ್ಬಳೇ, ನನ್ನ ಮಗಳು ಮಾನಸಿ.

ಕಾಲೇಜಿಗೆ ಸೇರಿದ ಮೇಲೆ ಅವಳಿಗೂ ಆಟದ ಹುಚ್ಚು ಹಿಡಿಯಿತು. ನಿಜವಾದ ಚೆಂಡು ವಿದೇಶದಿಂದ ಬರಬೇಕು. ನಾನು ಬಿಡುವವನೇ? ಠಾಕುರ್ಲಿಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಹೋಟೆಲಿನ ತೆಂಗಿನಕಾಯಿ ಹಿಡಿದು ತರಬೇತಿ ಶುರುಮಾಡಿದೆ. ಅಷ್ಟು ಸೊಟ್ಟಗೆ ಉರುಳುವುದು ಲೋಕದಲ್ಲಿ ಇನ್ಯಾವುದಿದೆ?

"ಮುಂಡಪ್ಪನೋರ, ಮ್ಯಾಲ ಏನ್ ಗುಡುಗಾಕತ್ತೈತ್ರಿ?" ಕೆಳಗಿನ ಮನೆಯ ಶರಣಬಸಮ್ಮ ಮೆಟ್ಟಿಲಲ್ಲಿ ನಿಂತು ಕೂಗಿದರು.

"ದೇಶಸೇವೆ, ಅಕ್ಕ!"

"ಹಂಗಾದ್ರ ಒಡದ ಕಾಯಿ ಕೆಳಗ ಕಳಸ್ರಿ."

"ಒಂದೇ ಮಂತ್ರ," ಎಂದೆ ಮಗಳಿಗೆ. "ನಿಜವಾದ ಚೆಂಡು ಕೈಗೆ ಬಂದಾಗ ಸಣ್ಣ ಉಂಗುರ ಹೊರಗೆ ಇರ್ಬೇಕು."

೨೦೧೭ರಲ್ಲಿ ಸಾನಪಾಡಾದ ಮೈದಾನದಲ್ಲಿ ರಾಜ್ಯ ತಂಡದ ಆಯ್ಕೆ ನಡೆಯಿತು. ಖಾಲಿ ಇದ್ದದ್ದು ಒಂದೇ ಜಾಗ. ಒಬ್ಬೊಬ್ಬರಿಗೆ ಎರಡೇ ಚೆಂಡು. ಮಾನಸಿ ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದದ್ದು ಇದಕ್ಕೇ. ಆಯ್ಕೆಗಾರರ ಕುರ್ಚಿಯಲ್ಲಿ ಕಮಲಾಕ್ಷ ಕೂತಿದ್ದ, ನ್ಯೂಜಿಲೆಂಡಿಗೆ ಹೋದ ನಮ್ಮ ತಂಡದ ನಾಯಕ. ಅವನನ್ನು ಕಂಡದ್ದೇ ನಾನು ಮರದ ಹಿಂದೆ ಸರಿದೆ. ಬಿಸಿಲಿಗೆ, ಅಷ್ಟೇ.

ಮಾನಸಿ ಬಗ್ಗಿ ಮೊದಲ ಚೆಂಡು ಬಿಟ್ಟಳು. ಎಂಥ ನಿಲುವು! ಅರ್ಧ ದಾರಿ ಚೆನ್ನಾಗಿ ಹೋದ ಚೆಂಡು ಆಮೇಲೆ ಬಲಕ್ಕೆ ಹೊರಳಿ, ಪಕ್ಕದ ಅಂಕಣಕ್ಕೆ ನುಗ್ಗಿ, ಅವರ ಬಿಳಿ ಚೆಂಡನ್ನು ಗುದ್ದಿತು.

ಕಮಲಾಕ್ಷ ಎದ್ದು ನಿಂತ. "ಚೆಂಡು ಹೀಗೆ ಹೋದದ್ದನ್ನು ನಾನು ಜನ್ಮದಲ್ಲಿ ಒಂದೇ ಸಲ ನೋಡಿದ್ದು ಮಾರಾಯ್ತಿ. ಯಾರು ಕಲಿಸಿದ್ದು ನಿಂಗೆ?"

"ಮೇರೆ ಪಪ್ಪಾ. ಇಂಟರ್‌ನ್ಯಾಷನಲ್ ಪ್ಲೇಯರ್ ಹೈ."

ಕಮಲಾಕ್ಷ ಸುತ್ತ ನೋಡಿದ. "ಓಹೋ ಮುಂಡಪ್ಪ, ಹೊಟ್ಟೆ ಮರದಿಂದ ಹೊರಗೆ ಕಾಣ್ತದೆ. ಬಾ ಈಚೆ."

"ಗಾಳಿ ಮಾರಾಯ," ಎಂದೆ. "ಅಲ್ಲಿಯೂ ಹೀಗೇ ಅಲ್ವಾ..."

ಮಾನಸಿ ಮೈದಾನದಂಚಿನ ಬಾವುಟ ನೋಡಿದಳು. ಅದು ಒಗೆದು ಹಾಕಿದ ಪಂಚೆಯಂತೆ ಜೋತುಬಿದ್ದಿತ್ತು. "ಹವಾ ಕಹಾಂ ಹೈ, ಪಪ್ಪಾ? ಸಚ್ ಬೋಲೋ. ಮೇರಾ ಏಕ್ ಹೀ ಬಾಲ್ ಬಚಾ ಹೈ."

ಎಂಟು ವರ್ಷದ ಬಿರುಗಾಳಿ ಅಲ್ಲಿಗೆ ನಿಂತಿತು.

"ಗಾಳಿ ಇರ್ಲಿಲ್ಲ ಮಗಾ," ಎಂದೆ. "ನಂದು ಹೆಸರಿಗೆ ಹೆಚ್ಚುವರಿ ಆಟಗಾರ, ಕೆಲಸ ಅನ್ನ ಸಾರು ಮಾಡುದು. ಕೊನೇ ದಿನ ಒಬ್ಬನಿಗೆ ಜ್ವರ ಬಂತು, ಸೌಟು ಇಟ್ಟು ಹೋಗಿ ಒಂದು ಚೆಂಡು ಬಿಟ್ಟೆ. ಅದೊಂದೇ. ಚೆಂಡು ಯಾವ ಉಂಗುರದ ಕಡೆಗೆ ಬಾಗ್ತದೆ ಅಂತ ಗೊತ್ತಿರ್ಲಿಲ್ಲ. ಕೇಳ್ಲಿಕ್ಕೆ ನಾಚಿಕೆ ಆಯ್ತು. ನಾನು ಕಲಿಸಿದ್ದನ್ನು ಬಿಟ್ಟು..."

ಮಾತು ಮುಗಿಯುವವರೆಗೆ ಅವಳು ಕಾಯಲಿಲ್ಲ. ಎರಡನೇ ಚೆಂಡನ್ನು ಕೈಯಲ್ಲಿ ತಿರುಗಿಸಿ, ಸಣ್ಣ ಉಂಗುರವನ್ನು ಒಳಗೆ, ಬಿಳಿ ಚೆಂಡಿನ ಕಡೆಗೆ ಮಾಡಿ, ಬಗ್ಗಿ ಬಿಟ್ಟಳು. ಅದು ಹೋಗಿ ಬಿಳಿ ಚೆಂಡಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಾನಾದರೆ ಕೂದಲೆಳೆ ಎನ್ನುತ್ತಿದ್ದೆ; ಅಳೆದದ್ದು ಕಮಲಾಕ್ಷ, ಆದ್ದರಿಂದ ಗೇಣು. ಅಷ್ಟು ಸಾಕಾಯಿತು, ಅವಳ ಹೆಸರನ್ನು ಅವನು ಬರೆದುಕೊಂಡ.

ಇನ್ನು ಆ ಕುರಿಗಳ ವಿಷಯ. ಅವನ್ನು ಕೇಳಲು ಹೋಗಬೇಡಿ. ನ್ಯೂಜಿಲೆಂಡಿನಲ್ಲಿ ನಾನು ಒಂದು ಕುರಿಯನ್ನೂ ನೋಡಿಲ್ಲ. ಅಡುಗೆಮನೆಯ ಕಿಟಕಿ ಪಾರ್ಕಿಂಗ್ ಕಡೆಗಿತ್ತು.