ಮೂರು ಬಟ್ಟಲು ಕರಿಸಾರು

ಪೋಲಿಷ್ ಜಮೀನ್ದಾರರಾದ ರೊಗಾಲ್ಸ್ಕಿ ಮನೆತನದಲ್ಲಿ ಅತಿಥಿಯ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎಂದು ಯಾರೂ ಅಂದದ್ದಿಲ್ಲ. ಮನೆಗೆ ಬಂದವನು ದೇವರು. ದೇವರಿಗೆ ಇಲ್ಲ ಎನ್ನುವುದು ಹೇಗೆ? ಹಾಗಂತ ಹೆಣ್ಣು ಕೇಳಲು ಬಂದ ದೇವರಿಗೆಲ್ಲ ಹೆಣ್ಣು ಕೊಡುತ್ತ ಕೂರಲಾಗುತ್ತದೆಯೆ? ಅದಕ್ಕೇ ಹಿರಿಯರು ಒಂದು ದಾರಿ ಮಾಡಿಟ್ಟಿದ್ದರು. ಬಂದವನನ್ನು ಆದರದಿಂದ ಕೂರಿಸಿ, ಮಳೆ ಬೆಳೆ ಮಾತಾಡಿ, ಊಟಕ್ಕೆ ಬಾತುಕೋಳಿಯ ನೆತ್ತರು ಬೆರೆಸಿದ ಕರಿಸಾರು ಬಡಿಸುವುದು. ಮರ್ಯಾದಸ್ಥನಾದವನು ಬಟ್ಟಲನ್ನು ನೋಡುತ್ತಾನೆ, ಒಂದು ಚಮಚ ಬಾಯಿಗಿಡುತ್ತಾನೆ, ಚಮಚ ಕೆಳಗಿಟ್ಟು ಟೋಪಿ ಎತ್ತಿಕೊಂಡು ಹೊರಡುತ್ತಾನೆ. ಯಾರೂ ಯಾರಿಗೂ ಏನೂ ಅಂದಂತಾಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸತ್ತದ್ದು ಒಂದು ಬಾತುಕೋಳಿ ಮಾತ್ರ.

ಆ ಶನಿವಾರ ಬೆಳಿಗ್ಗೆ, ಊರವರು ಗೌರವದಿಂದ ‘ಪಾನ್’ ಎಂದು ಕರೆಯುವ ಓನುಫ್ರಿ ರೊಗಾಲ್ಸ್ಕಿ ಹಿತ್ತಲಿನಲ್ಲಿ ನಿಂತು ಬಾತುಕೋಳಿ ಆರಿಸುತ್ತಿದ್ದ. ಪಕ್ಕದಲ್ಲಿ ತಂಗಿ ಪೆಲಾಗ್ಯಾ ಕತ್ತಿ ಹಿಡಿದು ನಿಂತಿದ್ದಳು. ಮದುವೆಯಿಲ್ಲದ ಹೆಂಗಸು, ಅತ್ತಿಗೆ ಸತ್ತ ಮೇಲೆ ಅಣ್ಣನ ಮನೆಯನ್ನೂ ಅಣ್ಣನ ಮಗಳನ್ನೂ ಸಾಕಿದವಳು.

“ದೊಡ್ಡದು ಬೇಡ ಪೆಲಾಗ್ಯಾ. ಒಂದು ಚಮಚಕ್ಕೆ ತಾನೆ ಬೇಕಾಗಿರೋದು.”

“ಸಾರು ಅಂದ್ಮೇಲೆ ಪಾತ್ರೆ ತುಂಬಾ ಮಾಡ್ಬೇಕಣ್ಣ. ಚಮಚದಲ್ಲಿ ಅಡುಗೆ ಮಾಡಕ್ಕಾಗುತ್ತಾ?” ಎಂದು ಪೆಲಾಗ್ಯಾ ಇದ್ದುದರಲ್ಲಿ ಕೊಬ್ಬಿದ ಹಕ್ಕಿಯನ್ನೇ ಹಿಡಿದಳು.

ಮರುದಿನ ಬರಬೇಕಾಗಿದ್ದವನು ಬೊಹುಮಿಲ್ ಕಾದ್ಲೆಟ್ಸ್, ಹೊಳೆಯಾಚೆಯ ಚೆಕ್ ಜನರ ಹಳ್ಳಿಯವನು. ಹೊಳೆಯಾಚೆ ಎಂದರೆ ಓನುಫ್ರಿಗೆ ಈಗಲೂ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವನ ತಾತ ರಷ್ಯದ ಝಾರ್ ದೊರೆಯ ವಿರುದ್ಧ ದಂಗೆಯೆದ್ದು, ಕುದುರೆ ಏರಿ, ಕತ್ತಿ ಬೀಸಿ, ಸೋತು, ಹೊಳೆಯಾಚೆಯ ಅಷ್ಟೂ ಜಮೀನನ್ನು ಮುಟ್ಟುಗೋಲಿಗೆ ಕೊಟ್ಟಿದ್ದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ಆದರೆ ಮಣ್ಣು ಹೋಗಿತ್ತು. ಬೊಹೀಮಿಯಾದಿಂದ ಗಾಡಿ ಕಟ್ಟಿಕೊಂಡು ಬಂದ ಚೆಕ್ಕರು ಆ ಮಣ್ಣನ್ನು ಅಗ್ಗಕ್ಕೆ ಕೊಂಡು, ಕಂಬ ನೆಟ್ಟು, ಬಿಯರಿಗೆ ಬೇಕಾದ ಹಾಪ್ಸ್ ಬಳ್ಳಿ ಹಬ್ಬಿಸಿದರು. ಆಮೇಲೆ ಝಾರ್ ಹೋದ, ಪೋಲೆಂಡ್ ಮರಳಿ ಬಂತು, ವೊಲಿನ್ ಸೀಮೆಯ ಈ ಭಾಗದಲ್ಲಿ ಬಾವುಟವೂ ಬದಲಾಯಿತು. ಹಾಪ್ಸ್ ಬಳ್ಳಿ ಮಾತ್ರ ಕಂಬ ಬಿಟ್ಟು ಇಳಿಯಲಿಲ್ಲ. ಚೆಕ್ಕರ ಮನೆಗಳಿಗೆ ಹೆಂಚು ಬಂತು. ರೊಗಾಲ್ಸ್ಕಿ ಮನೆಯ ನಡುಮನೆಯಲ್ಲಿ ವಂಶದ ಲಾಂಛನ ಗೋಡೆಗೆ ತೂಗುತ್ತಿತ್ತು, ಅದರ ಕೆಳಗೆ ಸೋರುವ ಮಾಡಿಗೆ ಹಿಡಿದ ಬಕೆಟ್ಟು ಇರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಮಾತಿಗೆ ಊರಲ್ಲಿ ಬೇರೆ ಉದಾಹರಣೆ ಬೇಕಿರಲಿಲ್ಲ.

ಮಗಳು ಬ್ರೋನ್ಯಾ ಹೊಳೆ ದಾಟಿ ಹೋಗಿ ಅಲ್ಲಿಯವನನ್ನೇ ಮೆಚ್ಚಿ ಬಂದಿದ್ದಳು. ಮುಚ್ಚುಮರೆ ಅವಳಿಗೆ ಗೊತ್ತಿಲ್ಲ, ಬಂದವಳೇ ಹೇಳಿದ್ದಳು.

“ಅವನಿಗೆ ಒಪ್ಪಿಗೆ ಅಂದಿದ್ದೀನಪ್ಪ. ಭಾನುವಾರ ನಿನ್ನ ಕೇಳಕ್ಕೆ ಬರ್ತಾನೆ.”

“ಒಪ್ಪಿಗೆ ಅನ್ನೋಕೆ ನೀನ್ಯಾರೇ? ಆ ಜನಕ್ಕೆ ವಂಶ ಇದ್ಯಾ, ಲಾಂಛನ ಇದ್ಯಾ? ಹೋಗ್ಲಿ, ಹೇಳ್ಕೊಳ್ಳೋಕೆ ಒಂದು ಸೋತ ಯುದ್ಧನಾದ್ರೂ ಇದ್ಯಾ?”

“ಇಲ್ಲಪ್ಪ. ಸೋರೋ ಮಾಡೂ ಇಲ್ಲ.”

ಓನುಫ್ರಿ ಮೀಸೆ ತಿರುವಿದ. ಬ್ರೋನ್ಯಾ ದನಿ ತಗ್ಗಿಸಿದಳು.

“ನೋಡಪ್ಪ, ನೀನು ಬೇಡ ಅಂದ್ರೆ ಓಡಿಹೋಗೋಳಲ್ಲ ನಾನು. ಅವನೂ ಹಂಗೆ ಕರ್ಕೊಂಡು ಹೋಗೋನಲ್ಲ. ನಿನ್ನ ಒಂದು ಮಾತಿಗೆ ಮುಗಿದೋಗುತ್ತೆ. ಆದ್ರೆ ಇನ್ನೊಬ್ಬನ್ನ ಮಾತ್ರ ನಂಗೆ ತೋರಿಸ್ಬೇಡ.”

ಮಾತು ಆಡುವ ಅಗತ್ಯವೇನು, ಬಾತುಕೋಳಿ ಇರುವಾಗ, ಎಂದುಕೊಂಡ ಓನುಫ್ರಿ. ಅವನಿಗೆ ಮಗಳೆಂದರೆ ಪ್ರಾಣ. ಅವಳ ಕಣ್ಣೆದುರಿಗೇ ಒಬ್ಬ ಗಂಡಸಿಗೆ ಬೇಡ ಎನ್ನುವ ಎದೆಗಾರಿಕೆ ಅವನಲ್ಲಿರಲಿಲ್ಲ. ಇದನ್ನು ಅವನು ತನ್ನ ಮೀಸೆಗೂ ಹೇಳಿಕೊಂಡಿರಲಿಲ್ಲ.

ಭಾನುವಾರ ಬೊಹುಮಿಲ್ ಒಂದು ಸಣ್ಣ ಪೀಪಾಯಿ ಬಿಯರು ಹೊತ್ತು ಬಂದ. ಅಗಲ ಭುಜ, ಕೆಂಪು ಕಿವಿ, ಇಸ್ತ್ರಿಯ ಅಂಗಿ. ಲಾಂಛನಕ್ಕೆ ತಲೆಬಾಗಿದ. ಬಕೆಟ್ಟನ್ನು ಕಂಡೂ ಕಾಣದವನಂತೆ ಸುತ್ತಿ ಬಂದು ಕೂತ. ಮಳೆ ಬೆಳೆ ಮಾತಾಯಿತು. ಓನುಫ್ರಿ ಒಳಕ್ಕೆ ಕಣ್ಣು ಹಾಯಿಸಿದ. ಬ್ರೋನ್ಯಾ ಬಟ್ಟಲು ತಂದಿಟ್ಟಳು. ಅವಳ ಮುಖ ಬಿಳಿಚಿಕೊಂಡಿತ್ತು, ಬಟ್ಟಲಿನ ಒಂದು ಹನಿ ಬಿಳಿ ಮೇಜುಬಟ್ಟೆಗೆ ಬಿತ್ತು. ಸಾರು ಕಪ್ಪಗೆ, ದಟ್ಟಗೆ, ಒಣ ಪಿಯರ್ ಹಣ್ಣಿನ ಹೋಳು ತೇಲಿಸಿಕೊಂಡು ಹಬೆಯಾಡುತ್ತಿತ್ತು.

ಬೊಹುಮಿಲ್ ಬಟ್ಟಲು ನೋಡಿದ. ಬ್ರೋನ್ಯಾಳ ಮುಖ ನೋಡಿದ. ಒಂದು ಚಮಚ ಬಾಯಿಗಿಟ್ಟ. ಓನುಫ್ರಿ ಅವನ ಟೋಪಿ ಎತ್ತಿಕೊಡಲು ಅರ್ಧ ಎದ್ದಿದ್ದ. ಬೊಹುಮಿಲ್ ಎರಡನೇ ಚಮಚ ಬಾಯಿಗಿಟ್ಟ. ಮೂರನೆಯದು. ಬಟ್ಟಲಿನ ತಳ ಕಂಡಿತು. ಅವನು ರೊಟ್ಟಿ ಮುರಿದು ತಳವನ್ನೂ ಒರೆಸಿದ.

“ಇನ್ನೊಂದು ಸ್ವಲ್ಪ ಇದ್ರೆ ಹಾಕಿ ಅಮ್ಮಾ,” ಎಂದ ಪೆಲಾಗ್ಯಾಳಿಗೆ.

“ಇನ್ನೊಂ…” ಎಂದ ಓನುಫ್ರಿ. ಬಂದವನು ಬಟ್ಟಲು ಒಡ್ಡಿದರೆ ತುಂಬಬೇಕು, ಅದೂ ಮನೆತನದ ಕಟ್ಟಳೆಯೇ. ಪೆಲಾಗ್ಯಾ ಓಡಿಹೋಗಿ ಪಾತ್ರೆಯನ್ನೇ ತಂದಳು. ಎರಡನೆಯದು ಹೋಯಿತು. ಮೂರನೆಯದನ್ನು ಅವಳು ಅಂಚಿನವರೆಗೂ ತುಂಬಿದಳು. ಇವಳಿಗೇನು ಬಂತು ಎಂದು ಓನುಫ್ರಿ ಕಣ್ಣು ಬಿಟ್ಟ. ಅವಳು ಅಣ್ಣನ ಕಡೆ ನೋಡಲೇ ಇಲ್ಲ.

“ನಮ್ಮಲ್ಲಿ ಹಂದಿ ಕೊಯ್ದ ದಿನ ಇಂಥದ್ದೇ ಕರಿಸಾರು ಮಾಡ್ತಾರೆ, ಪಾನ್ ಓನುಫ್ರಿ,” ಎಂದ ಬೊಹುಮಿಲ್ ಬಾಯಿ ಒರೆಸಿಕೊಂಡು. “ತೀರಾ ಮನೆಯವರಿಗೆ ಮಾತ್ರ ಬಡಿಸೋದು. ಮೊದಲನೇ ದಿನಾನೇ ನೀವು ನನ್ನ ಮನೆಯವನ ಥರ ನೋಡಿದ್ರಿ, ತುಂಬಾ ಸಂತೋಷ. ಮುಂದಿನ ಭಾನುವಾರ ಬರ್ತೀನಿ.” ಪೆಲಾಗ್ಯಾಳ ಕೈಗೆ ಮುತ್ತಿಟ್ಟು, ಸಿಳ್ಳೆ ಹಾಕುತ್ತಾ ಹೋದ.

ಕೋಣದ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಓನುಫ್ರಿ ಎರಡು ದಿನ ಬುಸುಗುಟ್ಟಿದ. ಮೂರನೆಯ ದಿನ ಪಕ್ಕದ ಮನೆಯ ಉಕ್ರೇನಿ ಹೆಂಗಸು ಓದಾರ್ಕ ಹುಳಿಹಿಟ್ಟು ಕೇಳಿಕೊಂಡು ಬಂದಾಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಓದಾರ್ಕ ತಲೆವಸ್ತ್ರದ ತುದಿಯಲ್ಲಿ ನಗು ಒರೆಸಿಕೊಂಡಳು.

“ನಿಮ್ಮ ಸಾರು ಭಾರಿ ನಾಜೂಕಾಯ್ತು ಯಜಮಾನ್ರೆ. ಅದು ದೊಡ್ಡೋರ ಮಾತು, ಆ ಚೆಕ್ಕನ ತಲೆಗೆ ಹೋಗ್ಬೇಕಲ್ಲ! ನಮ್ಮಲ್ಲಿ ಬೇಡದ ಗಂಡಿಗೆ ಕುಂಬಳಕಾಯಿ ಕೊಡ್ತೀವಿ. ಹೊತ್ಕೊಂಡು ಹೋಗೋವಾಗ ಊರೆಲ್ಲ ನೋಡುತ್ತೆ, ಜನ್ಮದಲ್ಲಿ ತಿರುಗಿ ಬರಲ್ಲ.”

“ರೊಗಾಲ್ಸ್ಕಿ ಮನೆಯಲ್ಲಿ ಉಕ್ರೇನಿಗಳ ಪದ್ಧತಿಯೇ?”

“ಹಂಗಾದ್ರೆ ಇನ್ನೊಂದು ಬಾತುಕೋಳಿ ಕೊಯ್ಯಿರಿ. ನಂಗೇನು?”

ಇದ್ದದ್ದು ಇನ್ನೆರಡೇ ಬಾತುಕೋಳಿ. ಓನುಫ್ರಿ ಕುಂಬಳಕಾಯಿಗೆ ಒಪ್ಪಿದ. ಓದಾರ್ಕ ತನ್ನ ತೋಟದಿಂದಲೇ ಒಂದನ್ನು ಉರುಳಿಸಿಕೊಂಡು ಬಂದಳು, ಕರುವಿನಷ್ಟಿತ್ತು.

ಎರಡನೇ ಭಾನುವಾರ ಬೊಹುಮಿಲ್ ಜಗಲಿ ಹತ್ತುವ ಮೊದಲೇ ಓನುಫ್ರಿ ಅದನ್ನು ಅವನ ತೋಳಿಗೆ ಹೇರಿದ. “ತಗೊಳ್ಳಿ. ನಮ್ಮ ಮನೆಯಿಂದ.” ಹಾಗೆಂದು ಆಕಾಶ ನೋಡಿದ. ಬೊಹುಮಿಲ್ ಕಾಯನ್ನು ಒಮ್ಮೆ ಬೆರಳಲ್ಲಿ ತಟ್ಟಿ ನೋಡಿ, “ಚೆನ್ನಾಗಿ ಬಲಿತಿದೆ” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ. ಇವನು ಅದನ್ನು ಹೆಗಲ ಮೇಲೇ ಇಟ್ಟುಕೊಂಡು, ಹೊಲದ ಅಡ್ಡದಾರಿ ಬಿಟ್ಟು, ಚರ್ಚಿನಿಂದ ಜನ ಹೊರಬರುವ ಹೊತ್ತಿಗೆ ಸರಿಯಾಗಿ ನಡುಬೀದಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳುತ್ತಾ ಹೋದ.

ಆ ವಾರವೆಲ್ಲ ಓನುಫ್ರಿ ಬೀದಿಗಿಳಿದರೆ ಸಾಕು, “ಪಾನ್ ಓನುಫ್ರಿ, ನಮಗೂ ಒಂದು ಕುಂಬಳಕಾಯಿ ಸಿಗುತ್ತಾ? ಮಗಳನ್ನ ಕೇಳಲ್ಲಪ್ಪ, ಕಾಯಿ ಮಾತ್ರ!” ಎನ್ನುವವರೇ. ಅವನು ಮನೆಗೆ ಬಂದು ಓದಾರ್ಕಳ ಮೇಲೆ ಹರಿಹಾಯ್ದ.

“ನೋಡು, ನಿನ್ನ ಕಾಯಿನೂ ಅಷ್ಟೇ ಆಯ್ತು! ಆ ಪೆದ್ದನಿಗೆ ಏನು ಕೊಟ್ರೂ ತಿಳಿಯಲ್ಲ.”

“ಪೆದ್ದನೇ? ಇಲ್ಲೇ ಹುಟ್ಟಿ ಇಲ್ಲೇ ಬೆಳ್ದೋನು ಯಜಮಾನ್ರೆ ಅವನು. ನಮ್ಮಕ್ಕನ ಮಗಳು ಒಂದ್ಸಲ ಅವನಿಗೆ ಕುಂಬಳಕಾಯಿ ಕೊಟ್ಟಿದ್ಲು. ಬೇಲಿ ಪಕ್ಕ ಇಟ್ಟು ಹೋದ, ತಿರುಗಿ ಆ ಬೀದಿಗೆ ಬಂದಿಲ್ಲ.”

ಓನುಫ್ರಿ ಬಾಯಿ ತೆರೆದು ನಿಂತ. “ಇದನ್ನ ಮೊದಲೇ ಹೇಳೋಕೆ ನಿಂಗೇನಾಗಿತ್ತು?”

“ನಿಮ್ಮ ಮಗಳದನ್ನ ಹೊತ್ಕೊಂಡು ಹೋಗ್ತಾನೋ ಇಲ್ವೋ ನೋಡ್ಬೇಕಿತ್ತು ನಂಗೂ,” ಎಂದಳು ಓದಾರ್ಕ. ಅವಳಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ.

ಮೂರನೇ ಭಾನುವಾರ ಬೊಹುಮಿಲ್ ಬಂದಾಗ ಕೈಯಲ್ಲಿ ಜಾಡಿಯಿತ್ತು. “ಅಮ್ಮ ಕುಂಬಳಕಾಯಿ ಮುರಬ್ಬ ಮಾಡಿದ್ಲು. ಅರ್ಧ ನಿಮಗೆ.”

ಓನುಫ್ರಿ ಅವನನ್ನು ಕೂರಲೂ ಹೇಳಲಿಲ್ಲ. ಅಷ್ಟು ಸಿಟ್ಟು. ಬ್ರೋನ್ಯಾ ಅಡುಗೆಮನೆಯ ಬಾಗಿಲಿಗೆ ಬಂದಳು, ಅವಳ ಹಿಂದೆ ಪೆಲಾಗ್ಯಾ.

“ನಿಂಗೆ ಗೊತ್ತಿತ್ತು!” ಎಂದ ಓನುಫ್ರಿ. ಬಹುವಚನ ಯಾವಾಗ ಕಳಚಿತೋ ಅವನಿಗೇ ತಿಳಿಯಲಿಲ್ಲ. “ಸಾರು ಅಂದ್ರೇನು, ಕುಂಬಳಕಾಯಿ ಅಂದ್ರೇನು, ಎಲ್ಲಾ ಗೊತ್ತಿತ್ತು ನಿಂಗೆ!”

“ಗೊತ್ತಿತ್ತು ಪಾನ್ ಓನುಫ್ರಿ. ಮೊದಲನೇ ಚಮಚಕ್ಕೆ ಮುಂಚೇನೇ.”

“ಮತ್ತೆ ಮೂರು ಬಟ್ಟಲು?”

“ಒಂದನೇದು ಸಂಕಟಕ್ಕೆ ತಿಂದೆ. ಎರಡನೇದು ಹಟಕ್ಕೆ. ಮೂರನೇದು ಅಮ್ಮನೋರು ಆಪಾಟಿ ತುಂಬಿಬಿಟ್ರು, ಏನ್ಮಾಡ್ಲಿ?” ಅವನ ಕಿವಿ ಇನ್ನಷ್ಟು ಕೆಂಪಾಯಿತು. “ಬೇಡ ಅಂತ ಬಾತುಕೋಳಿ ಹೇಳ್ತು, ಕುಂಬಳಕಾಯಿ ಹೇಳ್ತು. ನಾನು ಅವುಗಳನ್ನ ಕೇಳಕ್ಕೆ ಬಂದಿರ್ಲಿಲ್ಲ. ನಿಮ್ಮನ್ನ ಕೇಳಕ್ಕೆ ಬಂದೆ. ನಿಮಗೂ ಬಾಯಿದೆ. ಒಂದ್ಸಲ ಬೇಡ ಅನ್ನಿ, ಜಾಡಿ ಇಲ್ಲಿಟ್ಟು ಹೋಗ್ತೀನಿ. ಹೊಳೆ ಈಚೆಗೆ ಮತ್ತೆ ಕಾಲಿಡಲ್ಲ.”

ಎಷ್ಟು ಸುಲಭ! ಎರಡೇ ಅಕ್ಷರ. ಓನುಫ್ರಿ ಎದೆ ಸೆಟೆಸಿ, ಲಾಂಛನದ ಕೆಳಗೆ ನಿಂತು, ಉಸಿರೆಳೆದುಕೊಂಡ. ಮಗಳ ಕಡೆ ನೋಡಬಾರದಿತ್ತು, ನೋಡಿಬಿಟ್ಟ. ಅವಳು ಅಳುತ್ತಿರಲಿಲ್ಲ, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ತುಟಿಯನ್ನೇ ನೋಡುತ್ತಿದ್ದಳು. ಓನುಫ್ರಿಯ ತುಟಿ ಅಲುಗಾಡಿತು, ಮೀಸೆ ಅಲುಗಾಡಿತು, ಶಬ್ದ ಮಾತ್ರ ಬರಲಿಲ್ಲ.

“ಹೇಳಣ್ಣ,” ಎಂದಳು ಪೆಲಾಗ್ಯಾ ಹಿಂದಿನಿಂದ. “ಹೇಳೋದಾದ್ರೆ ಹೇಳ್ಬಿಡು. ನನ್ನ ಕೈಲಿ ಇನ್ನೊಂದ್ಸಲ ಆ ಸಾರು ಮಾಡಿಸ್ಬೇಡ.”

“ನೀನು ಸುಮ್ನಿರು ಪೆಲಾಗ್ಯಾ.”

“ಸುಮ್ನೇ ಇದ್ದೆನಲ್ಲ, ಇಷ್ಟು ವರ್ಷ. ಕ್ಸಾವೆರಿ ನನ್ನ ಕೇಳಕ್ಕೆ ಬಂದಾಗ ಸಾರು ಮಾಡಿದ್ದು ನಾನೇ, ನೆನಪಿದ್ಯಾ? ಅಪ್ಪ ಮಾಡು ಅಂದ್ರು, ಮಾಡ್ದೆ. ಬಡಿಸು ಅಂದ್ರು, ಬಡಿಸ್ದೆ. ಒಂದು ಚಮಚ ತಿಂದ, ಕೆಳಗಿಟ್ಟ, ಟೋಪಿ ತಗೊಂಡ. ಎಂಥಾ ಮರ್ಯಾದಸ್ಥ ಅಂತ ಅಪ್ಪ ಸಾಯೋವರೆಗೂ ಹೊಗಳಿದ್ರು. ನಾನು ಇದೇ ಬಾಗಿಲಲ್ಲಿ ಸೌಟು ಹಿಡ್ಕೊಂಡು ನಿಂತಿದ್ದೆ ಕಣಣ್ಣ. ಇನ್ನೊಂದು ಬಟ್ಟಲು ಕೇಳ್ತಾನೇನೋ ಅಂತ.”

ಬಕೆಟ್ಟಿಗೆ ನೀರು ತೊಟ್ಟಿಕ್ಕಿತು. ಓನುಫ್ರಿಗೆ ತಂಗಿಯನ್ನು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನೋಡಿದಂತಾಯಿತು. ಆ ದಿನ ತಾನೂ ಈ ಮನೆಯಲ್ಲೇ ಇದ್ದೆ, ಅಪ್ಪನ ಬಲಗಡೆ ಕೂತಿದ್ದೆ, ಕ್ಸಾವೆರಿ ಹೋದ ಮೇಲೆ ಉಳಿದ ಸಾರನ್ನು ಎರಡು ಸಲ ಹಾಕಿಸಿಕೊಂಡು ಚಪ್ಪರಿಸಿ ತಿಂದಿದ್ದೆ ಎಂಬುದೂ ನೆನಪಾಯಿತು. ಅವನಿಗೆ ನಾಚಿಕೆಯಾಯಿತು, ಬೆನ್ನ ಮೂಳೆಯವರೆಗೂ ನಾಚಿಕೆಯಾಯಿತು.

“ಕೂತ್ಕೊಳ್ಳಿ,” ಎಂದ ಬೊಹುಮಿಲ್‌ಗೆ. ದನಿ ಒಡೆದಿತ್ತು, ಕೆಮ್ಮಿ ಸರಿಮಾಡಿಕೊಂಡ. “ನಿಂತೇ ಇದ್ದೀರಲ್ಲ. ಮದುವೆ ಮಾತಾಡೋಕೆ ಬಂದವರು ಹಂಗೆ ನಿಂತ್ಕೊಳ್ತಾರೇನ್ರಿ?”

ಬ್ರೋನ್ಯಾ ಒಂದು ಸಲ ಕೂಗಿ, ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೊಹುಮಿಲ್ ಕುರ್ಚಿ ಹುಡುಕಲು ಹೋಗಿ ಬಕೆಟ್ಟು ಒದ್ದ. ಲಾಂಛನದ ಕೆಳಗೆಲ್ಲ ನೀರು ಹರಿಯಿತು, ಯಾರೂ ಗಮನಿಸಲಿಲ್ಲ. ಓನುಫ್ರಿ ಮೀಸೆ ಒರೆಸಿಕೊಂಡು ಯಜಮಾನನ ಗತ್ತು ತಂದುಕೊಂಡ. ಏನಾದರೂ ಪದ್ಧತಿ ಪ್ರಕಾರ ನಡೆಯಬೇಕಲ್ಲ!

“ಪೆಲಾಗ್ಯಾ, ಒಪ್ಪಿಗೆಗೆ ಅಂತ ನಮ್ಮನೇಲಿ ಏನೋ ಬಡಿಸ್ತಾರಲ್ಲ, ಅದನ್ನ ತಗೊಂಡ್ಬಾ.”

ಪೆಲಾಗ್ಯಾ ಬಾಗಿಲಲ್ಲೇ ನಿಂತು ಯೋಚಿಸಿದಳು.

“ಅದೇನು ಬಡಿಸ್ತಾರೋ ನಂಗೆ ಗೊತ್ತಿಲ್ಲಣ್ಣ,” ಎಂದಳು. “ಅದನ್ನ ಮಾಡು ಅಂತ ಯಾರೂ ನಂಗೆ ಹೇಳೇ ಇಲ್ವಲ್ಲ.”