ದಾರದಕ್ಕನ ಬಯೋಡೇಟಾ

ಲಾಂಡ್ರಿ ಅಂಗಡಿಯ ದಾರದಕ್ಕನ ಕೊರಳಲ್ಲಿ ಯಾವಾಗಲೂ ಏಳೆಂಟು ಬಣ್ಣದ ದಾರ ಜೋತಾಡುತ್ತಿರುತ್ತದೆ. ಬೀದಿಯವರು ಅವಳಿಗೆ ಹೆಸರಿಟ್ಟದ್ದು ಅದನ್ನು ನೋಡಿಯೇ. ಒಗೆಯಲು ಬಂದ ಬಟ್ಟೆಯ ಅಂಚಿಗೆ ಗುರುತಿನ ಹೊಲಿಗೆ ಹಾಕುವುದು ಅವಳ ಕೆಲಸ. ಕೆಂಪು ದಾರದ ಒಂದು ಹೊಲಿಗೆ ಎಂದರೆ ವಕೀಲರ ಮನೆ, ಎರಡು ಹೊಲಿಗೆ ಎಂದರೆ ವಕೀಲರ ತಮ್ಮನ ಮನೆ. ಅಣ್ಣತಮ್ಮಂದಿರು ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಅವರ ಅಂಗಿಗಳು ಮಾತ್ರ ಇಲ್ಲಿ ಒಂದೇ ಹಗ್ಗದ ಮೇಲೆ ಒಣಗುತ್ತವೆ, ಒಂದು ದಿನವೂ ಅದಲುಬದಲಾಗಿಲ್ಲ.

ಈಗ ರಸ್ತೆ ಅಗಲ ಮಾಡಲು ಅಂಗಡಿ ಸಾಲನ್ನೇ ಕೆಡವುತ್ತಾರಂತೆ. ಅಂಗಡಿ ನಡೆಸುವ ಗಂಡನಿಗೆ ಬೇರೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಸಿಕ್ಕಿತು. ಅಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ದಾರದಕ್ಕನಿಗೆ ಮೂವತ್ತೆಂಟು ವರ್ಷ, ಹನ್ನೆರಡನೇ ತರಗತಿ ಪಾಸು, ಮನೆಯಲ್ಲಿ ಓದುವ ಮಕ್ಕಳಿಬ್ಬರು. ಅವಳಿಗೆ ಕೆಲಸ ಬೇಕೇ ಬೇಕು. ಎರಡು ತಿಂಗಳಲ್ಲಿ ಆರು ಕಡೆ ಅರ್ಜಿ ಹಾಕಿದಳು. ಒಬ್ಬರೂ ಕರೆಯಲಿಲ್ಲ.

"ನಾನು ಯಾರಿಗೂ ಬೇಡ ಬಿಡಿ. ಇನ್ನು ಅರ್ಜಿ ಹಾಕಲ್ಲ," ಎಂದು ಒಂದು ಸಂಜೆ ಬಟ್ಟೆಯ ಗಂಟನ್ನು ದೊಪ್ಪನೆ ಕೆಡವಿದಳು. ಗಂಟಿನ ಮೇಲಿನ ಸಿಟ್ಟಲ್ಲ ಅದು.

ಆಗ ಸೀರೆ ಒಯ್ಯಲು ಬಂದಿದ್ದವರು ಎದುರುಮನೆ ಮೇಡಂ. ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸದ ಅರ್ಜಿಗಳನ್ನು ವಿಂಗಡಿಸುವವರು.

"ಎಲ್ಲಿ, ನಿಮ್ಮ ಬಯೋಡೇಟಾ ಕೊಡಿ, ನೋಡೋಣ."

ದಾರದಕ್ಕ ಕೊಟ್ಟಳು. ಜೆರಾಕ್ಸ್ ಅಂಗಡಿಯವನು ಟೈಪು ಮಾಡಿಕೊಟ್ಟದ್ದು. ಸುತ್ತ ಹೂಬಳ್ಳಿಯ ಚೌಕಟ್ಟು ಬೇರೆ. ಮೇಡಂ ಓದಿದರು: "ಹವ್ಯಾಸ: ಈಜು ಮತ್ತು ಚದುರಂಗ. ಅಬ್ಬಾ, ಈಜು ಬರುತ್ತಾ ನಿಮಗೆ?"

"ಸೋಪಿನ ನೀರಲ್ಲಿ ಈಜಿದ್ದಾಳೆ," ಎಂದ ಗಂಡ, ಇಸ್ತ್ರಿಪೆಟ್ಟಿಗೆ ಉಜ್ಜುತ್ತಲೇ.

"ಅವನ ಹತ್ರ ಒಂದು ಮಾದರಿ ಇದೆ ಮೇಡಂ. ಹೆಸರು, ವಿಳಾಸ ಬದಲಾಯಿಸಿ ಕೊಡ್ತಾನೆ. ಈ ಬೀದೀಲಿ ಎಲ್ಲರದ್ದೂ ಅದೇ," ಎಂದಳು ದಾರದಕ್ಕ.

"ಹೆಸರು, ವಿಳಾಸ ಸರಿ. ಈ ಫೋನ್ ನಂಬರು ನಿಮ್ಮದಾ?"

ದಾರದಕ್ಕ ಹಾಳೆಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಹೇಗೆ ಹಿಡಿದರೂ ಅದು ಅವಳ ನಂಬರಾಗಲಿಲ್ಲ. ಮೇಡಂ ತಮ್ಮ ಮೊಬೈಲಿನಿಂದ ಆ ನಂಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಹಲೋ, ಯಾವ ಆಫೀಸು?" ಆ ಕಡೆಯಿಂದ ಗಂಡಸಿನ ಗದರು ದನಿ. "ನೋಡಿ, ನನಗೆ ಯಾವ ಕೆಲಸಾನೂ ಬೇಡ! ನಾನು ಪಂಕ್ಚರ್ ಹಾಕೋನು. ವರ್ಷದಿಂದ ಇಂಟರ್‌ವ್ಯೂಗೆ ಕರೆದು ಕರೆದು ನನ್ನ ತಲೆ ತಿಂತಾ ಇದ್ದೀರಲ್ಲ! ಹೋದ ವಾರ ಬಟ್ಟೆ ಅಂಗಡಿಯೋರು 'ಲಾಂಡ್ರಿ ಮೇಡಂ ಇದ್ದಾರಾ' ಅಂತ ಎರಡು ಸಲ ಕೇಳಿದ್ರು. ನನ್ನ ಪಾಡಿಗೆ ನನ್ನ ಬಿಟ್ಟುಬಿಡಿ!"

ಫೋನ್ ಕಟ್ಟಾಯಿತು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡನೂ ನಕ್ಕ. ದಾರದಕ್ಕ ಮಾತ್ರ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂಬ ಸಂಕಟ ಒಂದು ಕಡೆ, ತನ್ನನ್ನೂ ಯಾರೋ ಎರಡು ಸಲ ಕೇಳಿದ್ದರು ಎಂಬ ಸಂತೋಷ ಇನ್ನೊಂದು ಕಡೆ. ವಿಚಾರಿಸಿದರೆ, ಬಟ್ಟೆ ಅಂಗಡಿಗೆ ಆಗಲೇ ಬೇರೊಬ್ಬರು ಸೇರಿಕೊಂಡಿದ್ದರು. ಆದರೆ ದೊಡ್ಡಾಸ್ಪತ್ರೆಯ ಉಗ್ರಾಣಕ್ಕೆ ಸಹಾಯಕಿ ಬೇಕೆಂಬ ಜಾಹೀರಾತು ಅಂದಿನ ಪತ್ರಿಕೆಯಲ್ಲೇ ಇತ್ತು. ಕೊನೆಯ ದಿನ ಶನಿವಾರ.

"ಹೊಸದಾಗಿ ಬರೆಯೋಣ, ಬನ್ನಿ," ಎಂದರು ಮೇಡಂ. "ಒಂದೇ ಪುಟ ಸಾಕು. ಒಂದೊಂದು ಅರ್ಜಿ ನೋಡೋಕೆ ನಮಗೆ ಅರ್ಧ ನಿಮಿಷಾನೂ ಸಿಗಲ್ಲ. ಮೇಲೆ ನಿಮ್ಮ ಹೆಸರು, ನಿಮ್ಮದೇ ನಂಬರು. ಆಮೇಲೆ ಅನುಭವ."

"ಅನುಭವ ಎಲ್ಲಿಂದ ತರಲಿ ಮೇಡಂ? ನಾನು ಎಲ್ಲೂ ಕೆಲಸಾನೇ ಮಾಡಿಲ್ಲ."

ಹನ್ನೊಂದು ವರ್ಷದಿಂದ ಬೆಳಗ್ಗೆ ಆರಕ್ಕೆ ಅಂಗಡಿ ಬಾಗಿಲು ತೆಗೆದವಳ ಮಾತು ಇದು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

"ನಿಮ್ಮ ಅಂಗಡೀಲಿ ಎಷ್ಟು ಮನೆ ಬಟ್ಟೆ ಬರುತ್ತೆ?"

"ನೂರಿಪ್ಪತ್ತು ಮನೆ, ಎರಡು ಲಾಡ್ಜು."

"ಗುರುತು ಹಾಕೋದು, ವಿಂಗಡಿಸೋದು, ಕೊಡೋದು ಯಾರು?"

"ನಾನೇ."

"ಇಷ್ಟು ವರ್ಷದಲ್ಲಿ ಕಳೆದುಹೋದ ಬಟ್ಟೆ?"

"ಒಂದು ಕರವಸ್ತ್ರ. ಅದೂ ಗಾಳಿಗೆ ಹಾರಿ, ಹೋಗ್ತಿದ್ದ ಬಸ್ಸಿನ ಮೇಲೆ ಕೂತುಬಿಡ್ತು."

"ಇದನ್ನೇ ಬರೀರಿ!"

"ದಾರ ಹಾಕೋದನ್ನೂ ಯಾರಾದರೂ ಬರೀತಾರಾ ಮೇಡಂ?" ಗಂಡನಿಗೆ ನಂಬಿಕೆ ಬರಲಿಲ್ಲ. "ಅದರ ಬದಲು ಕಂಪ್ಯೂಟರ್ ಬರುತ್ತೆ ಅಂತ ಹಾಕಿ. ಯಾರು ನೋಡ್ತಾರೆ?"

"ಕೆಲಸ ಕೊಡೋರು ನೋಡ್ತಾರೆ. ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂರಿಸಿದರೆ ಇವರು ಏನು ಮಾಡ್ತಾರೆ? ಸುಳ್ಳು ಒಂದಕ್ಷರವೂ ಬೇಡ. ಬೇಕಿದ್ದರೆ ಗ್ರಂಥಾಲಯದಲ್ಲಿ ಕಂಪ್ಯೂಟರ್ ಹೇಳಿಕೊಡ್ತಾರೆ, ನಾಳೆಯೇ ಇವರನ್ನು ಸೇರಿಸಿ. ಆಗ 'ಕಲಿಯುತ್ತಿದ್ದೇನೆ' ಅಂತ ಧೈರ್ಯವಾಗಿ ಬರೀಬಹುದು."

ಮರುದಿನ ದಾರದಕ್ಕ ಗ್ರಂಥಾಲಯಕ್ಕೆ ಹೋಗಿ ಸೇರಿಕೊಂಡಳು. ಲಾಡ್ಜಿನ ಮ್ಯಾನೇಜರನ್ನು ಕೇಳಿ, ತನ್ನ ಕೆಲಸ ಬಲ್ಲವರೆಂದು ಅವರ ಹೆಸರು ಸೇರಿಸಿದಳು. ಹೂಬಳ್ಳಿ, ಈಜು, ಚದುರಂಗ ಎಲ್ಲಕ್ಕೂ ಕೈಮುಗಿದಳು. ಅಚ್ಚಾದ ಹಾಳೆಯನ್ನು ಮಗಳಿಂದ ಒಮ್ಮೆ, ಮೇಡಂ ಅವರಿಂದ ಒಮ್ಮೆ ಓದಿಸಿ, ಶುಕ್ರವಾರವೇ ಆಸ್ಪತ್ರೆಗೆ ಕೊಟ್ಟುಬಂದಳು.

ಹತ್ತನೇ ದಿನ ಅಂಗಡಿಯಲ್ಲಿ ಅವಳ ಫೋನು ಹೊಡೆದುಕೊಂಡಿತು. ಗಂಡ ಕೈಚಾಚಿದರೆ ಅವನ ಕೈ ಸರಿಸಿ ತಾನೇ ಎತ್ತಿಕೊಂಡಳು. "ಹೌದು ಸರ್, ನಾನೇ ಮಾತಾಡ್ತಿರೋದು. ಈ ನಂಬರು ನಂದೇ!"

ಇಂಟರ್‌ವ್ಯೂನಲ್ಲಿ ಉಗ್ರಾಣದ ಮುಖ್ಯಸ್ಥೆ ಮೊದಲು ಕೇಳಿದ್ದು ಕರವಸ್ತ್ರದ ಕಥೆಯನ್ನು. ಕೇಳಿ ನಕ್ಕವರು ಆಮೇಲೆ ನಗು ನಿಲ್ಲಿಸಿದರು. "ನಮ್ಮಲ್ಲಿ ಒಂಬತ್ತು ವಾರ್ಡಿನ ಹೊದಿಕೆಗಳು ದಿನಾ ಅದಲುಬದಲಾಗುತ್ತವೆ. ಏನು ಮಾಡ್ತೀರಿ?"

ದಾರದಕ್ಕನ ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಯಿತು. ಇಂಟರ್‌ವ್ಯೂಗೆಂದು ದಾರ ತೆಗೆದಿಟ್ಟು ಬಂದಿದ್ದಳು! "ನಾಳೆ ದಾರ ತರ್ತೀನಿ ಮೇಡಂ," ಎಂದಳು, "ಒಂಬತ್ತು ಬಣ್ಣ."

"ನಾಳೆ ಬೇಡ, ಸೋಮವಾರ ತನ್ನಿ. ಅವತ್ತಿನಿಂದಲೇ ನಿಮ್ಮ ಕೆಲಸ ಶುರು."

ಈಗ ಗಂಡ ಬೀದಿಯವರಿಗೆಲ್ಲ ಬುದ್ಧಿ ಹೇಳುತ್ತಿದ್ದಾನೆ: "ಒಂದೇ ಪುಟ ಇರಬೇಕು ಕಣ್ರೀ, ಸುಳ್ಳು ಒಂದಕ್ಷರವೂ ಬೇಡ!" ಮೊದಲಿನಿಂದಲೂ ಅವನಿಗೆ ಗೊತ್ತಿತ್ತಂತೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಕೆಲಸ ಹುಡುಕುತ್ತಿದ್ದೀರಾ? ಇನ್ನೊಬ್ಬರ ಬಯೋಡೇಟಾಕ್ಕೆ ನಿಮ್ಮ ಹೆಸರು ಅಂಟಿಸಬೇಡಿ. ಮನೆಯಲ್ಲಿ, ಅಂಗಡಿಯಲ್ಲಿ ನೀವು ದಿನವೂ ಮಾಡುವುದು ಏನು, ಎಷ್ಟು, ಎಷ್ಟು ವರ್ಷದಿಂದ ಎಂದು ಬರೆಯಿರಿ. ಅದೇ ನಿಮ್ಮ ಅನುಭವ. ಜಾಹೀರಾತು ನೋಡಿ, ಬಲ್ಲವರನ್ನು ಕೇಳಿ, ಎಲ್ಲೆಲ್ಲಿ ಅರ್ಜಿ ಹಾಕಿದಿರೆಂದು ಬರೆದಿಟ್ಟುಕೊಳ್ಳಿ. ಕೆಲಸ ಕೊಡಿಸಲು ಮೊದಲು ದುಡ್ಡು ಕೇಳುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ಇವತ್ತೇ ನಿಮ್ಮ ಹಾಳೆ ತೆಗೆದು, ಅದರಲ್ಲಿರುವ ನಂಬರಿಗೆ ಪಕ್ಕದವರ ಫೋನಿನಿಂದ ಒಂದು ಕರೆ ಮಾಡಿ ನೋಡಿ. ನಿಮ್ಮ ಫೋನೇ ಹೊಡೆದುಕೊಳ್ಳಬೇಕು. ಪಾಪ, ಆ ಪಂಕ್ಚರ್ ಅಂಗಡಿಯವನು ಇನ್ನೆಷ್ಟು ಇಂಟರ್‌ವ್ಯೂಗೆ ಹೋದಾನು!